ಮಿಸ್ ಹೇಳಿಕೊಟ್ಟ ಕ್ಷೇಮಸಮಾಚಾರ

ಭಾನುವಾರ ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಕೂತು, ಹುಣಸೆಹಣ್ಣು ಹಚ್ಚಿ ದೇವರ ಸಾಮಾನು ಉಜ್ಜುತ್ತಿದ್ದೆ. ಸೋಮವಾರದ ಪೂಜೆಗೆ ಭಾನುವಾರವೇ ಬೆಳಗಿಡುವುದು ನಮ್ಮ ಮನೆಯ ಪದ್ಧತಿ. ಅರ್ಧ ಆಗಿತ್ತು. ಮಗಳು ಶ್ವೇತ ಫೋನು ಹಿಡಿದುಕೊಂಡು ಬಂದು, "ಅಮ್ಮ, ಸುಂದ್ರಮ್ಮ ಆಂಟಿ. ನಿನ್ನ ಹತ್ರಾನೇ ಮಾತಾಡ್ಬೇಕಂತೆ" ಅಂದಳು. ನನ್ನ ಕೈಯೆಲ್ಲ ಹುಣಸೆ ರಸ. ಅವಳೇ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

"ಮಿಸ್ ಓಗ್ಬುಟ್ರಂತೆ ಕಣಕ್ಕ. ಬೆಳಗಿನ ಜಾವ. ಗುಂಡ್ಲುಪೇಟೆಲೇ, ತಮ್ಮನ ಮನೇಲಿ."

ನನ್ನ ಬಾಯಿಂದ ಮೊದಲು ಬಂದ ಮಾತು 'ಶಿವಶಿವಾ' ಅಲ್ಲ. "ಅದೆಂಗಾಯ್ತದೆ? ಗುರುವಾರ ಮಾತಾಡ್ದೆ. ಚೆನ್ನಾಗೇ ಇದ್ರು!" ಅಂದೆ. ಸತ್ತವರು ನನ್ನನ್ನು ಕೇಳದೆ ಸತ್ತರು ಅನ್ನುವ ಹಾಗೆ ಜಗಳಕ್ಕೇ ನಿಂತೆ. ಐವತ್ತು ದಾಟಿದ, ದಿನಾ ವಿಭೂತಿ ಹಚ್ಚಿಕೊಂಡು ಎರಡು ಹೊತ್ತು ಶಿವಪೂಜೆ ಮಾಡುವ ಹೆಂಗಸಿನ ಬುದ್ಧಿ ಅದು.

ಮಿಸ್ಸಿಗೆ ಒಂದು ಹೆಸರಿತ್ತು. ನಾವ್ಯಾರೂ ಅದನ್ನು ಬಾಯಲ್ಲಿ ಆಡಿದವರಲ್ಲ, ಇಲ್ಲಿಯೂ ಆಡುವುದಿಲ್ಲ. ಚಾಮರಾಜನಗರದ ನಮ್ಮ ಬೀದಿಯಲ್ಲಿ ನಮ್ಮಿಂದ ಎರಡು ಮನೆ ಆಚೆ, ಮಹಡಿಯ ಮೇಲೆ ಬಾಡಿಗೆಗೆ ಇದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಉದ್ದಕ್ಕೆ, ತೆಳ್ಳಗೆ, ಒಣಗಲು ಹಾಕಿ ತೆಗೆಯಲು ಮರೆತ ಸೀರೆಯ ಹಾಗೆ. ತುರುಬಿನಲ್ಲಿ ಹೂವಿನ ಬದಲು ಒಂದು ಕೆಂಪು ಪೆನ್ನು. ಗಂಡಸರ ಕೈಗಡಿಯಾರ ಕಟ್ಟುತ್ತಿದ್ದರು, ಅದೂ ಮುಖ ಒಳಗೆ ಮಾಡಿ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ಸುಂದ್ರಮ್ಮ ಮೊದಲನೇ ದಿನವೇ ಕೇಳಿಬಿಟ್ಟಳು. ಸುಂದ್ರಮ್ಮ ಅಂದರೆ ಎದುರು ಮನೆಯವಳು, ಕಂಡಕ್ಟರ್ ಹೆಂಡತಿ. ಗಂಡನ ಸೀಟಿಗಿಂತ ಅವಳ ಕೂಗಿಗೇ ಬಸ್ಸು ನಿಲ್ಲುತ್ತದೆ.

ಮಿಸ್ ಬೇಜಾರು ಮಾಡಿಕೊಳ್ಳಲಿಲ್ಲ. "ದಿನಾ ಅರವತ್ತು ಮಕ್ಕಳನ್ನ ಸುಮ್ಮನಿರ್ಸಿ ಮನೆಗೆ ಬರ್ತಿದ್ದೆ ಕಣಮ್ಮ. ಇನ್ನೊಬ್ಬನ್ನ ಸುಮ್ಮನಿರ್ಸೋ ಶಕ್ತಿ ಉಳೀತಿರಲಿಲ್ಲ" ಅಂದರು.

ಅವರ ಒಂದು ಅಭ್ಯಾಸಕ್ಕೆ ನಾವೆಲ್ಲ ಹೆದರುತ್ತಿದ್ದೆವು. ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಕನ್ನಡಕವನ್ನು ಮೆಲ್ಲಗೆ ಹಣೆಯ ಮೇಲಕ್ಕೆ ಏರಿಸುತ್ತಿದ್ದರು. ಬೈಯುತ್ತಿರಲಿಲ್ಲ. ಬರಿಗಣ್ಣಿನಲ್ಲಿ ನೋಡುತ್ತಿದ್ದರು, ಅಷ್ಟೆ. ತರಕಾರಿ ಗಾಡಿಯವನು ಕೂಡ, "ಈ ಬದ್ನೆಕಾಯಿ ಇವತ್ತಿಂದೇನಪ್ಪ?" ಅಂತ ಇವರು ಕೇಳಿ ಕನ್ನಡಕ ಮುಟ್ಟಿದರೆ ಸಾಕು, "ನಿನ್ನೇದು ಮಿಸ್" ಅಂದುಬಿಡುತ್ತಿದ್ದ.

ಮಧ್ಯಾಹ್ನ ಮೂರರಿಂದ ನಾಲ್ಕು, ಹಾಲಿನವನು ಬರುವ ತನಕ, ಅವರ ಮಹಡಿಯ ಮೇಲೆ ನಮಗೆ ಇಂಗ್ಲಿಷ್ ಕ್ಲಾಸು. ನಾನು ಸೇರಿದ್ದರ ಕಾರಣ ಹೇಳಿಕೊಳ್ಳುವಂಥದ್ದಲ್ಲ. ಶ್ವೇತ ಆಗ ಬಿ.ಎಡ್. ಓದುತ್ತಿದ್ದಳು. ಗೆಳತಿಯರ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿರುವಳು, ನಾನು ಒಳಗೆ ಕಾಲಿಟ್ಟ ಕೂಡಲೇ ಇಂಗ್ಲಿಷಿಗೆ ಹಾರಿಬಿಡುವಳು. ಜನ ಕೆಲಸಕ್ಕೆ, ಜ್ಞಾನಕ್ಕೆ ಇಂಗ್ಲಿಷ್ ಕಲಿಯುತ್ತಾರೆ. ನಾನು ಕದ್ದು ಕೇಳುವುದಕ್ಕೆ ಕಲಿತೆ. ಅಷ್ಟು ಕಷ್ಟಪಟ್ಟು ಕಲಿತು ಕೇಳಿದರೆ ಅವರು ಮಾತಾಡುತ್ತಿದ್ದದ್ದು ಸೀಮೆಸುಣ್ಣದ ಧೂಳಿಗೆ ಸೀನು ಬರುವುದರ ಬಗ್ಗೆ. ದೇವರು ದೊಡ್ಡವನು, ಅಷ್ಟಕ್ಕೇ ಬಿಟ್ಟ.

ಮೊದಲ ತಿಂಗಳು ಅಂಗಡಿ, ಬಸ್ಸು, ನೆಂಟರು ಎಲ್ಲ ಆಯಿತು. ಎರಡನೇ ತಿಂಗಳಲ್ಲಿ ಒಂದು ದಿನ ಮಿಸ್, "ನಿಮ್ಮನ್ನ ನೀವು ಹೇಗೆ ನೋಡ್ಕೊಳ್ತೀರಿ? ಹತ್ತು ವಾಕ್ಯ ಬರ್ಕೊಂಡು ಬನ್ನಿ" ಅಂದರು. ಗಂಡನ ಬಗ್ಗೆ ಬರೆ ಅಂದಿದ್ದರೆ ಇಪ್ಪತ್ತು ಬರೆಯುತ್ತಿದ್ದೆ. ಹಸುವಿನ ಬಗ್ಗೆ ಅಂದಿದ್ದರೆ ಒಂದು ಪುಸ್ತಕವನ್ನೇ ಬರೆಯುತ್ತಿದ್ದೆ. ನನ್ನ ಬಗ್ಗೆ ಅಂದಾಗ ಪೆನ್ನು ಹಿಡಿದು ಒಲೆ ಮುಂದೆ ಕೂತವಳು ಸಾರು ಉಕ್ಕಿಸಿದೆ, ವಾಕ್ಯ ಬರಲಿಲ್ಲ. ಕೊನೆಗೆ ಶಿವನನ್ನು ನೆನೆದು ಬರೆದೆ. ಐ ಟೇಕ್ ಕೇರ್ ಆಫ್ ಮೈಸೆಲ್ಫ್. ಮಂಡೇ ಐ ಡು ನಾಟ್ ಈಟ್. ಫ್ರೈಡೇ ಐ ಡು ನಾಟ್ ಈಟ್. ಅಮಾವಾಸ್ಯೆ ಐ ಡು ನಾಟ್ ಈಟ್. ಹೀಗೇ ನನ್ನ ಒಪ್ಪತ್ತುಗಳನ್ನೆಲ್ಲ ಒಂದೊಂದು ವಾಕ್ಯ ಮಾಡಿದೆ. ಮಗಳ ಪರೀಕ್ಷೆಗೆ ಹೊತ್ತ ಹರಕೆಯದ್ದು ಒಂದು, ಗಂಡನ ಅರಿಸಿನದ ವ್ಯಾಪಾರಕ್ಕೆ ಹೊತ್ತದ್ದು ಒಂದು, ಮಾದಪ್ಪನದ್ದು ಎರಡು. ಹತ್ತು ತುಂಬಿತು. ಹೆಮ್ಮೆಯಿಂದ ಕೊಟ್ಟೆ.

ಮಿಸ್ ಕೆಂಪು ಪೆನ್ನನ್ನು ತುರುಬಿನಿಂದ ಎಳೆದವರು ಎಲ್ಲಿ ಗೀಟು ಹಾಕಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡರು. "ವ್ಯಾಕರಣ ಸರಿಯಾಗಿದೆ" ಅಂದರು. ಪೆನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿ, "ಇದು ತನ್ನನ್ನ ತಾನು ನೋಡ್ಕೊಳ್ಳೋರ ಪಟ್ಟಿ ಅಲ್ಲ, ಉಪವಾಸ ಸತ್ಯಾಗ್ರಹ" ಅಂದರು.

ಸುಂದ್ರಮ್ಮನದು ಇನ್ನೂ ಚೆನ್ನಾಗಿತ್ತು. ಅವಳು ಒಂದೇ ವಾಕ್ಯ ಬರೆದಿದ್ದಳು: ಮೈ ಹಸ್‌ಬೆಂಡ್ ಇಸ್ ಇನ್ ನೈಟ್ ಡ್ಯೂಟಿ, ಸೋ ಐ ಯಾಮ್ ಹ್ಯಾಪಿ. ಮಿಸ್ ಅದಕ್ಕೆ ಎರಡು ಸರಿ ಗುರುತು ಹಾಕಿದರು.

ಅವರು ವ್ಯಾಕರಣಕ್ಕೆ ತಲೆ ಕೆಡಿಸಿಕೊಂಡವರಲ್ಲ. ನಮ್ಮ ವಾಕ್ಯವನ್ನು ಜೋರಾಗಿ ಓದಿ, "ಯಾವ ಮನುಷ್ಯರು ಹೀಗೆ ಮಾತಾಡ್ತಾರೆ? ನಿಮ್ಮ ಅಕ್ಕಪಕ್ಕದೋರು ಕಾಂಪೌಂಡ್ ಮೇಲೆ ಕೈ ಇಟ್ಕೊಂಡು ಹೀಗಂತಾರಾ?" ಅಂತ ಕೇಳುತ್ತಿದ್ದರು. ಆಮೇಲೆ ಸಹಜವಾಗಿ ಆಡುವ ಮಾತು ಯಾವುದೋ ಅದನ್ನು ಕೊಡುತ್ತಿದ್ದರು. ಲುಕ್ ಆಫ್ಟರ್ ಯುವರ್‌ಸೆಲ್ಫ್, ಅದು ಹೊರಡುವವರಿಗೆ ಪ್ರೀತಿಯಿಂದ ಹೇಳುವುದು. ಐ ಟ್ರೈ ಟು ಈಟ್ ಪ್ರಾಪರ್ಲಿ. ಐ ಗೆಟ್ ಪ್ಲೆಂಟಿ ಆಫ್ ರೆಸ್ಟ್. ಒಂದು ದಿನ 'ಐ ಮೇಕ್ ಟೈಮ್ ಫಾರ್ ಮೈಸೆಲ್ಫ್' ಬಂತು.

"ಟೈಮ್ ಮಾಡದಾ? ರೊಟ್ಟಿ ಮಾಡ್ದಂಗಾ ಮಿಸ್?" ಅಂದಳು ಸುಂದ್ರಮ್ಮ.

"ರೊಟ್ಟಿ ಮಾಡ್ದಂಗೇ. ತಾನಾಗಿ ಆಗಲ್ಲ. ಹಿಟ್ಟು ನೀನೇ ಕಲಸ್ಬೇಕು."

'ಐ ಪುಟ್ ಮೈ ಫೀಟ್ ಅಪ್' ಅನ್ನುವುದು ಮಾತ್ರ ನನಗೆ ಆಗಿಬರಲಿಲ್ಲ. ಕಾಲು ಎತ್ತಿಟ್ಟುಕೊಂಡು ಆರಾಮ ಮಾಡುವುದಂತೆ. ಮಿಸ್ಸಿಗೆ ನನ್ನ ಕಷ್ಟ ಬಿಡಿಸಿ ಹೇಳಿದೆ. ನಮ್ಮ ನಡುಮನೆಯಲ್ಲಿ ಪೂರ್ವಕ್ಕೆ ದೇವರ ಕೋಣೆ, ಪಶ್ಚಿಮಕ್ಕೆ ಅತ್ತೆಯವರ ಫೋಟೋ, ಉತ್ತರಕ್ಕೆ ಯಜಮಾನರ ಕುರ್ಚಿ, ದಕ್ಷಿಣಕ್ಕೆ ಬೀದಿ ಬಾಗಿಲು, ಯಾರಾದರೂ ನೋಡಿದರೆ? ಕಾಲು ಚಾಚುವುದಕ್ಕೆ ನನಗೆ ದಿಕ್ಕೇ ಇಲ್ಲ ಮಿಸ್, ಅಂದೆ. ಅವರು ನಗಲಿಲ್ಲ. ನಿಜವಾಗಿಯೂ ಯೋಚನೆ ಮಾಡಿ, "ಮೂಲೆ ಕಡೆ ಚಾಚು. ಮೂಲೆಗೆ ಯಾರೂ ದೇವರಿಲ್ಲ" ಅಂದರು. ಮೂಲೆಗೂ ದೇವರಿದ್ದಾನೆ, ಈಶಾನ್ಯ, ಆಗ್ನೇಯ ಅಂತ ನಾನು ಶುರುಮಾಡಿದ ಮೇಲೆ ನಕ್ಕರು.

ಒಂದು ಸಲ ನಮ್ಮನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ಬುಡದಿಂದ ಮೇಲಕ್ಕೆ ಹೋಗುವ ಬಸ್ಸಿನಲ್ಲಿ ಬರೀ ಇಂಗ್ಲಿಷ್ ಅಂತ ಕಟ್ಟಪ್ಪಣೆ. ಆದ್ದರಿಂದ ನಾವು ಮೌನವಾಗಿ ಪ್ರಯಾಣ ಮಾಡಿದೆವು. ಮೇಲೆ ಮಂಜು. ನಾನು ಶಿವನ ಒಕ್ಕಲು. ಆದರೂ ಕೃಷ್ಣನ ಮುಂದೆ ಕೈಮುಗಿಯಲು ನಮ್ಮಪ್ಪ ಶಿವ ಬೇಡ ಅನ್ನಲಾರ ಅಂತ ಕಣ್ಣುಮುಚ್ಚಿ ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡೆ. ತುಟಿ ಅಲ್ಲಾಡುತ್ತಿದ್ದದ್ದನ್ನು ಮಿಸ್ ನೋಡಿರಬೇಕು. ಹೊರಗೆ ಬಂದ ಮೇಲೆ, "ಬಹಳ ಉದ್ದ ಇತ್ತಲ್ಲ. ಅದರಲ್ಲಿ ನಿನ್ನ ಹೆಸರು ಎಷ್ಟನೇದು?" ಅಂದರು.

"ನನ್ನ ಹೆಸ್ರು ದೇವ್ರಿಗೆ ಗೊತ್ತಲ್ಲ ಮಿಸ್."

"ಗೊತ್ತಿರೋ ಹೆಸರನ್ನೇ ಹಾಜರಿಯಲ್ಲಿ ಬಿಟ್ಟುಬಿಡೋದು. ಮೂವತ್ತು ವರ್ಷ ಹಾಜರಿ ಕೂಗಿದವಳು ಹೇಳ್ತಿದ್ದೀನಿ."

ಅವರು ದೇವರನ್ನು ಹಾಸ್ಯ ಮಾಡಿದವರಲ್ಲ, ಅದನ್ನು ಹೇಳಬೇಕು. ಆದರೆ ದೇವರ ಹೆಸರಿನಲ್ಲಿ ನಾವು ಏನು ಮಾಡಿಕೊಳ್ಳುತ್ತೇವೋ ಅದನ್ನು ಕನ್ನಡಕ ಏರಿಸಿಯೇ ನೋಡುತ್ತಿದ್ದರು.

ಈಗ ನನ್ನ ಮೂರ್ಖತನದ ಕಥೆ. ಮಿಸ್ಸಿನ ಮಹಡಿಗೆ ಹದಿನೆಂಟು ಮೆಟ್ಟಿಲು. ಆ ವರ್ಷ ನಾನು ಹತ್ತನೆಯದರಲ್ಲಿ ಒಮ್ಮೆ ಕೂರುವುದಕ್ಕೆ ಶುರುಮಾಡಿದೆ. ಆಮೇಲೆ ಏಳನೆಯದರಲ್ಲಿ. ಹೆಂಗಸರಿಗೆ ತಿಂಗಳಲ್ಲಿ ಮೂರು ದಿನ ಇರುವ ತೊಂದರೆ ನನಗೆ ಹದಿನೈದು ದಿನ ನಿಲ್ಲುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆ ದಿನಗಳಲ್ಲಿ ಪೂಜೆಗೆ ಕೂರುವ ಹಾಗಿಲ್ಲ ಅಂತ ಅತ್ತೆ ಹಾಕಿಟ್ಟ ಕಟ್ಟು ನಮ್ಮ ಮನೆಯಲ್ಲಿ. ಹೇಳಿದರೆ ಅರ್ಧ ತಿಂಗಳು ದೇವರ ಕೋಣೆಗೆ ನಾನು ಹೊರಗಿನವಳು. ಅದಕ್ಕೆ ಸುಮ್ಮನಿದ್ದು, ಒಳಗೊಳಗೇ ದೇವರ ಕ್ಷಮೆ ಕೇಳಿಕೊಂಡು ದೀಪ ಹಚ್ಚುತ್ತಿದ್ದೆ. ತಪ್ಪು ಮಾಡುತ್ತಿದ್ದೇನೆ ಅಂತ ಇನ್ನೊಂದು ಒಪ್ಪತ್ತು ಸೇರಿಸಿದೆ. ರಕ್ತ ಹೋಗುವುದಕ್ಕೆ ಮದ್ದು ಉಪವಾಸ! ಇಂಥ ಚಿಕಿತ್ಸೆ ಯಾರಿಗೆ ಹೊಳೆದೀತು?

ಯಜಮಾನರು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನನ್ನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಹೇಳಿದರು. "ಏನಿಲ್ಲ ಸಾರ್, ವಸಿ ಸುಸ್ತು. ಒಪ್ಪತ್ತು ಜಾಸ್ತಿ ಮಾಡ್ತಾಳೆ." ಅವರ ತಪ್ಪಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಮಿಸ್ ಮೆಟ್ಟಿಲು ಎಣಿಸುತ್ತಿದ್ದರು ಅಂತ ನನಗೆ ತಿಳಿದಿರಲಿಲ್ಲ. ನಾನು ಐದನೆಯದರಲ್ಲಿ ಕೂತ ದಿನ ಮೇಲಿಂದ ಇಣುಕಿ, "ನಾಳೆ ಗುಂಡ್ಲುಪೇಟೆಗೆ ಹೋಗೋಣ. ಕೇರಳದ ಕಡೆಯ ಲೇಡಿ ಡಾಕ್ಟರೊಬ್ಬರು ಬಂದಿದ್ದಾರೆ. ಅವರ ಜೊತೆ ಇಂಗ್ಲಿಷಿನಲ್ಲಿ ನೀನೇ ಮಾತಾಡು. ಉತ್ತರ ಹೇಳೋಕೆ ಗಂಡ ಪಕ್ಕದಲ್ಲಿ ಇರಲ್ಲ" ಅಂದರು. ಗುಂಡ್ಲುಪೇಟೆ ಅವರ ತವರು. ತಮ್ಮನ ಮನೆ ಅಲ್ಲಿಯೇ.

ತೆರಕಣಾಂಬಿ ದಾಟುವ ತನಕ ಬಸ್ಸಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು; ಅದೂ ಒಂದು ಕೃಪೆ ಅಂದುಕೊಂಡೆ. ಡಾಕ್ಟರ ಕೋಣೆಗೆ ಒಬ್ಬಳೇ ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯ ಮುಖ. "ಆರ್ ಯು ಲುಕಿಂಗ್ ಆಫ್ಟರ್ ಯುವರ್‌ಸೆಲ್ಫ್, ಅಮ್ಮಾ?" ಅಂತ ಕೇಳಿತು.

ನಮ್ಮ ಪಾಠವೇ ಪ್ರಶ್ನೆಪತ್ರಿಕೆಯಲ್ಲಿ ಬಂದ ಹಾಗಾಯಿತು ನನಗೆ. "ಐ ಹ್ಯಾವ್ ಬೀನ್ ಲುಕಿಂಗ್ ಆಫ್ಟರ್ ಮೈಸೆಲ್ಫ್, ಡಾಕ್ಟರ್. ಐ ಟ್ರೈ ಟು ಈಟ್ ಪ್ರಾಪರ್ಲಿ. ಐ ಗೆಟ್ ಪ್ಲೆಂಟಿ ಆಫ್ ರೆಸ್ಟ್." ತಡವರಿಸದೆ ಅಂದೆ. ಆ ಹುಡುಗಿಗೆ ಸಂತೋಷವಾಯಿತು. ತಿಂಗಳಿನದು ಏನಾದರೂ ತೊಂದರೆ ಇದೆಯೇ ಅಂತಲೂ ಕೇಳಿತು.

"ನೋ ಟ್ರಬಲ್, ಡಾಕ್ಟರ್. ಥ್ಯಾಂಕ್ಯೂ ಫಾರ್ ಆಸ್ಕಿಂಗ್."

"ವೆರಿ ಗುಡ್ ಇಂಗ್ಲಿಷ್!" ಅಂದರು ಡಾಕ್ಟರು. ನನ್ನ ಮೈಯಲ್ಲಿ ಉಳಿದಿದ್ದ ರಕ್ತವೆಲ್ಲ ಮುಖಕ್ಕೆ ಏರಿತು. ಶಕ್ತಿಗೆ ಒಂದು ಮಾತ್ರೆ ಬರೆದುಕೊಟ್ಟು, ಹೀಗೇ ನೋಡಿಕೊಳ್ಳಿ ಅಂದರು. ರ‍್ಯಾಂಕ್ ಬಂದವಳ ಹಾಗೆ ಹೊರಗೆ ಬಂದೆ.

ಮಿಸ್ ಬೆಂಚಿನಿಂದ ಎದ್ದು ನನ್ನ ಜೊತೆ ಬಸ್ ಸ್ಟ್ಯಾಂಡ್ ಕಡೆ ನಡೆದರು. ನಾನು ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿದೆ. ಅವರು ಹೂವಿನ ಅಂಗಡಿ ಮುಂದೆ ನಿಂತು, "ಒಳಗೊಳಗೇ ಏನೋ ಮುಚ್ಚಿಟ್ಕೊಂಡಿದ್ದೀಯ. ಅದನ್ನ ಹೇಳಿದೆಯಾ?" ಅಂದರು. ಕನ್ನಡಕ ಹಣೆಯ ಮೇಲೆ.

ಅಲ್ಲಿಯೇ, ಸೇವಂತಿಗೆ ಕುಕ್ಕೆಯ ಪಕ್ಕದಲ್ಲಿ, ಹದಿನೈದು ದಿನದ ವಿಷಯ ಹೇಳಿದೆ. "ಮತ್ತೆ ಡಾಕ್ಟರ ಹತ್ರ ಯಾಕೆ ಹೇಳಲಿಲ್ಲ?"

"ಅದುಕ್ಕೆ ನೀವು ವಾಕ್ಯ ಹೇಳ್ಕೊಟ್ಟಿರ್ನಿಲ್ಲ ಮಿಸ್."

ಅವರಿಗೆ ಕೋಪ ಬಂದರೆ ಮೊದಲು ಇಂಗ್ಲಿಷ್ ಹೋಗುತ್ತಿತ್ತು, ಆಮೇಲೆ ಮೇಷ್ಟ್ರ ಕನ್ನಡ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಬರೀ ಗುಂಡ್ಲುಪೇಟೆ. "ನಾನ್ ಯೇಳ್ಕೊಟ್ಟುದ್ದು ಇಂಗ್ಲೀಸು ಕಣಮ್ಮಿ! ಸುಳ್ಳ ನೀನು ನಿನ್ ಮನೆಯಿಂದ ತಂದುದ್ದು! ಸುಳ್ಗೆ ಚೆಂದಾಗಿ ಸೀರೆ ಉಡುಸ್ಕಂಡು ಓಗಿ ಕುಂಡ್ರುಸ್ಬುಟ್ಟು ಬಂದಿದ್ದೀಯಲ್ಲ! ನಡಿ ವಾಪಸ್ಸು!"

"ಬಸ್ ಓಯ್ತದೆ ಮಿಸ್. ದೀಪ ಹಚ್ಚೋ ಹೊತ್ಗೆ ಮನೆ ಸೇರ್ಬೇಕು."

"ನೀನೇ ಆರೋದ್ರೆ ದೀಪ ಯಾರ್ ಅಚ್ಚಾರು?"

ಹೂವಿನವಳು ಕಟ್ಟುವುದನ್ನು ಬಿಟ್ಟು ನೋಡುತ್ತಿದ್ದಳು. "ಓಗಕ್ಕ, ಅಷ್ಟ್ ಯೇಳ್ತಾವ್ರೆ, ಓಗು" ಅಂತ ಅವಳೂ ಸೇರಿಕೊಂಡಳು. ನಾನು ವಾಪಸ್ಸು ಹೋದೆ.

ಡಾಕ್ಟರ ಮುಂದೆ ಕೂತು ಬಾಯಿ ತೆರೆದರೆ ಇಂಗ್ಲಿಷಿನಲ್ಲಿ ಮತ್ತೆ ಅದೇ ಒಳ್ಳೆಯ ವಾಕ್ಯಗಳೇ ಸಾಲಾಗಿ ನಿಂತಿದ್ದವು, ಆಸ್ತಿವಂತರ ಮನೆ ಮಕ್ಕಳ ಹಾಗೆ, ಇಸ್ತ್ರಿ ಬಟ್ಟೆ ಹಾಕಿಕೊಂಡು. ಒಂದೂ ಕೆಲಸಕ್ಕೆ ಬರಲಿಲ್ಲ. ಅಳು ಬಂತು. ಆಗ ಆ ಹುಡುಗಿ, "ಅಮ್ಮಾ, ಕನ್ನಡದಲ್ಲಿ ಹೇಳಿ. ನಂಗೆ ಕನ್ನಡ ಬರುಂ... ಬರುತ್ತೆ" ಅಂತು. ಬರುತ್ತಿತ್ತು! ಮೊದಲಿಂದಲೂ ಬರುತ್ತಿತ್ತು! ಇಂಗ್ಲಿಷ್ ಮೆರೆಸಿದ್ದು ನಾನು, ಪಾಪ ಆ ಹುಡುಗಿ ಮರ್ಯಾದೆಗೆ ಜೊತೆ ಕೊಟ್ಟಿತ್ತು. ಎಲ್ಲ ಹೇಳಿದೆ. ಅಂದೇ ರಕ್ತ ಪರೀಕ್ಷೆ ಆಯಿತು. ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಮೈಸೂರಿನಲ್ಲಿ ರಕ್ತ ಕೊಟ್ಟು, ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಅಂದರು. ಎದೆ ಬಡಿತ ಆಗಲೇ ತಪ್ಪುತ್ತಿತ್ತಂತೆ. ಯಜಮಾನರು ಆಸ್ಪತ್ರೆಯ ಕಾರಿಡಾರಿನಲ್ಲಿ, "ನಂಗ್ಯಾಕೆ ಯೇಳ್ನಿಲ್ಲ ನೀನು?" ಅಂತ ಒಂದೇ ಮಾತು ಕೇಳಿದರು. ಅದಕ್ಕೂ ವಾಕ್ಯ ಇರಲಿಲ್ಲ.

ಮನೆಗೆ ಬಂದ ನಾಲ್ಕನೇ ದಿನ ಮಿಸ್ ಬಂದರು. ಹಣ್ಣು ತಂದಿರಲಿಲ್ಲ. "ಹತ್ತು ವಾಕ್ಯ" ಅಂದರು. ಮಂಚದ ಮೇಲೆ ಮಲಗಿದ್ದವಳ ಕೈಗೆ ನೋಟ್‌ಬುಕ್ಕು ಕೊಟ್ಟು ಕಾದು ಕೂತರು. ನಾನು ಒಂದೇ ಬರೆದೆ: ಐ ಯಾಮ್ ಟೈರ್ಡ್. ನನಗೆ ಸುಸ್ತಾಗಿದೆ. ಐವತ್ತು ವರ್ಷದಲ್ಲಿ ಯಾವ ಭಾಷೆಯಲ್ಲೂ ನಾನು ಹೇಳಿರದ ಮಾತು. ಮಿಸ್ ಕೆಂಪು ಪೆನ್ನಿನಲ್ಲಿ ಪುಟ ತುಂಬುವಷ್ಟು ದೊಡ್ಡ ಸರಿ ಗುರುತು ಹಾಕಿದರು. "ಇದು ಸಹಜವಾಗಿದೆ" ಅಂದರು.

ಆಮೇಲೆ ಎರಡು ವರ್ಷಕ್ಕೆ ಅವರ ಮಂಡಿ ಹಿಡಿದುಕೊಂಡಿತು. ಹದಿನೆಂಟು ಮೆಟ್ಟಿಲು ಅವರಿಗೂ ಎಣಿಕೆಗೆ ಬಂದವು. ಗುಂಡ್ಲುಪೇಟೆಯ ತಮ್ಮನ ಮನೆಗೆ ಹೋದರು. ಪ್ರತಿ ಗುರುವಾರ ಮೂರು ಗಂಟೆಗೆ ನಾನು ಫೋನು ಮಾಡುವುದು, ಹತ್ತು ನಿಮಿಷ ಇಂಗ್ಲಿಷು. ನಾನು ಕೇಳುವ ಮೊದಲ ಪ್ರಶ್ನೆ: ಹೌ ಆರ್ ಯು, ಮಿಸ್? ಅವರು ಉತ್ತರ ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಹೀಗೆ ನಡೆದಿತ್ತು.

ಭಾನುವಾರ ಸಂಜೆ ಐದಕ್ಕೆ ಮಣ್ಣು. ಉಳಿದ ಸಾಮಾನು ಶ್ವೇತ ಬೆಳಗುತ್ತೇನೆ ಅಂದಳು. ನಾನೂ ಸುಂದ್ರಮ್ಮನೂ ಬಸ್ಸು ಹಿಡಿದೆವು. ಮುಖ ನೋಡುವುದಕ್ಕೆ ಸಿಕ್ಕಿತು, ಹೂ ಹಾಕುವುದಕ್ಕೆ ಸಿಕ್ಕಿತು. ಶಿವನ ದಯೆ. ಮಿಸ್ ಅರ್ಧ ಆಗಿದ್ದರು. ಮೊದಲೇ ತೆಳ್ಳಗಿದ್ದವರಲ್ಲಿ ಅರ್ಧ ಅಂದರೆ ಎಷ್ಟು ಉಳಿದೀತು?

ಎಲ್ಲ ಮುಗಿದ ಮೇಲೆ ಅವರ ತಮ್ಮನ ಹೆಂಡತಿ ನಮ್ಮ ಪಕ್ಕ ಕೂತು ಹೇಳಿದಳು. "ನಾಕ್ ತಿಂಗ್ಳಾಗಿತ್ತು ಅನ್ನ ಇಳ್ದು. ಬರೀ ಗಂಜಿ ನೀರು. ಆಸ್ಪತ್ರೆಗೆ ಓಗನ ಬನ್ನಿ ಅಂದ್ರೆ, ನಾಳೆ ಓಗನ, ನಾಳೆ ಓಗನ. ಕೊನೆಗೆ ಕರ್ಕೊಂಡೋದಾಗ ಡಾಕ್ಟ್ರು ಕೈ ಬುಟ್ಬುಟ್ರು. ಯಾರ್ ಕೇಳುದ್ರೂ ಚೆನ್ನಾಗಿವ್ನಿ ಅಂತಲೇ. ಗುರುವಾರ ಮಾತ್ರ ನೋಡ್ಬೇಕಿತ್ತು ನೀವು. ಮೂರ್ ಗಂಟೆಗೆ ಮುಂಚೆ ಎದ್ದು ಕೂತ್ಕಂಡು, ತಲೆ ಬಾಚ್ಸ್ಕಂಡು, ಪೆನ್ ಸಿಗುಸ್ಕಂಡು ಫೋನ್‌ಗೆ ಕಾಯೋರು."

"ನಿಂಗೇನಾದ್ರೂ ಯೇಳಿದ್ರಾ ಅಕ್ಕ?" ಅಂತ ಸುಂದ್ರಮ್ಮ ನನ್ನ ಕಡೆ ತಿರುಗಿದಳು.

"ಇಲ್ಲ. ಏನೂ ಯೇಳ್ನಿಲ್ಲ" ಅಂದೆ.

ಅದು ಸುಳ್ಳು ಅಂತ ಮಾರನೇ ದಿನ ಪೂಜೆ ಮುಗಿಸಿ ನೋಟ್‌ಬುಕ್ಕು ತೆಗೆದಾಗ ಗೊತ್ತಾಯಿತು. ನಾಲ್ಕು ತಿಂಗಳ ಗುರುವಾರಗಳು ಸಾಲಾಗಿ ಇದ್ದವು. 'ಕಾಂಟ್ ಕಂಪ್ಲೇನ್', ದೂರುವಂಥದ್ದೇನಿಲ್ಲ. 'ಪಾಟರಿಂಗ್ ಅಲಾಂಗ್', ಹೇಗೋ ಕಾಲ ತಳ್ಳುತ್ತಿದ್ದೇನೆ. 'ಮಸ್ಟಂಟ್ ಗ್ರಂಬಲ್', ಗೊಣಗಬಾರದು ನೋಡು. ಒಂದೊಂದರ ಪಕ್ಕದಲ್ಲೂ ನಾನು ನಕ್ಷತ್ರ ಹಾಕಿ, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೆ. ದೀಪಾವಳಿ ಕಳೆದ ವಾರದ್ದು ಒಂದಿತ್ತು: ಐ ಹ್ಯಾವ್ ಲೆಟ್ ಮೈಸೆಲ್ಫ್ ಗೋ ಎ ಬಿಟ್. ಆ ಗುರುವಾರ ನನಗೆ ಚೆನ್ನಾಗಿ ನೆನಪಿದೆ. ಇದು ಹೊಸದು, ಅರ್ಥ ಹೇಳಿ ಮಿಸ್, ಅಂದಿದ್ದೆ. ಮಿಸ್, "ತನ್ನನ್ನ ತಾನು ನೋಡ್ಕೊಳ್ಳೋದನ್ನ ಬಿಟ್ಟುಬಿಡೋದು" ಅಂದರು. "ಎಷ್ಟ್ ಚೆನ್ನಾಗದೆ ಮಿಸ್! ಇನ್ನೊಂದ್ಸಲ ಯೇಳಿ, ಬರ್ಕತೀನಿ" ಅಂದೆ. ಅವರು ನಕ್ಕು, ಉಕ್ತಲೇಖನ ಕೊಡುವವರ ಹಾಗೆ ಒಂದೊಂದೇ ಪದ ಬಿಡಿಸಿ ಇನ್ನೊಮ್ಮೆ ಹೇಳಿದರು. ನಾನು ತಪ್ಪಿಲ್ಲದೆ ಬರೆದುಕೊಂಡಿದ್ದೆ. ಅಕ್ಷರ ದುಂಡಗೆ ಬಂದಿತ್ತು.

ಎರಡು ಸಲ ಹೇಳಿದ್ದರು. ನನ್ನನ್ನು ಹೂವಿನ ಅಂಗಡಿ ಮುಂದಿನಿಂದ ವಾಪಸ್ಸು ಅಟ್ಟಿದವರು ಎರಡು ಸಲ ಹೇಳಿದ್ದರು, ನಾನು ಬರೀ ಕಾಪಿ ಮಾಡಿಕೊಂಡೆ. ಯಾಕೆ ಮಿಸ್, ಏನಾಯ್ತು ಅನ್ನುವ ಮಾತಿಗೆ ಇಂಗ್ಲಿಷ್ ಬೇಕಾಗಿರಲಿಲ್ಲ. ಗುಂಡ್ಲುಪೇಟೆಗೆ ಬಸ್ಸೂ ಇತ್ತು. ಅವರೇಕೆ ಬಿಡಿಸಿ ಹೇಳಲಿಲ್ಲ ಅಂತ ಕೋಪ ಮಾಡಿಕೊಳ್ಳಲು ನೋಡಿದೆ. ಆ ಕೋಪಕ್ಕೆ ನಾನು ತಕ್ಕವಳಲ್ಲ. ಕಲಿಸಿದವರಿಗೂ ತಮ್ಮ ವಿಷಯಕ್ಕೆ ಬಂದಾಗ ಪಾಠ ಬಾಯಿಗೆ ಬರಲಿಲ್ಲ. ದಡ್ಡ ಶಿಷ್ಯೆಗಾದರೂ ಬರಬೇಕಿತ್ತು. ದೇವರ ಮುಂದೆ ಕೂತು, ಅವರ ಹೆಸರನ್ನು ಮೊದಲ ಸಲ ಪೂರ್ತಿಯಾಗಿ ಹೇಳಿ ಕೈಮುಗಿದೆ. ಬೇರೆ ಯಾರ ಹೆಸರೂ ಅಂದು ಹೇಳಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತರೂ ಮನೆಯ ಕೆಲಸ ಕಾಯುವುದಿಲ್ಲ. ಬೆಳಿಗ್ಗೆ ನೆನೆಹಾಕಿದ್ದ ಅವರೆಕಾಳು ಊದಿಕೊಂಡಿತ್ತು. ಸಿಪ್ಪೆ ಬಿಡಿಸಿ ಹಿತುಕಿಡದಿದ್ದರೆ ಹುಳಿ ಬರುತ್ತದೆ. ಪಾತ್ರೆ ಮುಂದಿಟ್ಟುಕೊಂಡು ಕೂತೆ. ಫೋನು ಬಂತು. ನಮ್ಮಕ್ಕ, ಹರದನಹಳ್ಳಿಗೆ ಕೊಟ್ಟವಳು. ಮಿಸ್ ಸುದ್ದಿ ಕೇಳಿ ಮಾಡಿದ್ದಳು. ಅಯ್ಯೋ ಪಾಪ ಅಂದಳು, ಒಳ್ಳೇ ಜೀವ ಅಂದಳು. ಮುಗಿಸುವ ಹೊತ್ತಿಗೆ ನಾನು ಕೇಳಿದೆ, "ನೀನೆಂಗಿದ್ದೀಯಕ್ಕ?"

"ನಂಗೇನಾಗದೆ? ಚೆನ್ನಾಗಿವ್ನಿ ಕಣಮ್ಮಿ. ಫೋನ್ ಇಡ್ಲಾ?"

"ಇಡ್ಬೇಡ. ಚೆನ್ನಾಗಿವ್ನಿ ಅಂದ್ರೆ ಏನು? ಬುಡ್ಸಿ ಯೇಳು."

"ಇದೇನ್ಲೇ ಇದು, ಪೋಲೀಸ್‌ನೋರು ಕೇಳ್ದಂಗೆ?"

"ಯೇಳಕ್ಕ. ನಂಗೆ ಇನ್ನೂ ಒಂದ್ ಪಾತ್ರೆ ಕಾಳದೆ. ಬಿಡುವಾಗೇ ಇವ್ನಿ."

ಆ ಕಡೆ ಮಣೆ ಎಳೆದುಕೊಂಡ ಸದ್ದು. ಆಮೇಲೆ ಅಕ್ಕ ಒಂದು ಉಸಿರು ಬಿಟ್ಟು, "ಈ ಎಡಗಡೆ ಮಂಡಿ ಅದಲ್ಲ..." ಅಂತ ಶುರುಮಾಡಿದಳು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನಾನು ಕಾಳು ಹಿತುಕುತ್ತಾ ಹೋದೆ. ಅರ್ಧ ಪಾತ್ರೆ ಮುಗಿದಾಗ ಅವಳು ಇನ್ನೂ ಸೊಂಟಕ್ಕೆ ಬಂದಿರಲಿಲ್ಲ.